ನಾಲ್ಕನೇ ಹಲಗೆ

ಹಲಗೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ ಅದು ಕಾಣಿಸಿತು. ಎಡಗಡೆ ಕೆಳಗಿನ ಮೂಲೆಯಲ್ಲಿ, ಪ್ಲೈವುಡ್ಡಿನ ಅಂಚು ಮುಗಿಯುವ ಕಡೆ, ಕೂದಲೆಳೆಯಷ್ಟು ಸಣ್ಣ ಬಿರುಕು. ಉದ್ದ ಅರ್ಧ ಬೆರಳೂ ಇರಲಿಲ್ಲ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದಳು. ಬಿರುಕು ಅಲ್ಲೇ ಇತ್ತು.

ತಾರಸಿಯ ಇನ್ನೊಂದು ತುದಿಯಲ್ಲಿ ನೋಟ್‌ಬುಕ್ಕು ಬಿಚ್ಚಿಕೊಂಡು ಕೂತಿದ್ದ ಗಂಡ, "ಏನಾದ್ರೂ ಕಾಣ್ತಾ?" ಎಂದ.

"ಇಲ್ಲ. ಚೆನ್ನಾಗಿದೆ."

"ಮೂಲೆಗಳು?"

"ನಾಲ್ಕೂ ನೋಡ್ದೆ. ಏನೂ ಇಲ್ಲ."

ಗಂಡ ಒಂದು ಕ್ಷಣ ಅವಳ ಮುಖವನ್ನೇ ನೋಡಿ ಆಮೇಲೆ ಬರೆದುಕೊಂಡ. ಅವಳು ಹಲಗೆಯನ್ನು ಗೋಡೆಗೆ ಒರಗಿಸಿ, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಆ ಕಡೆ ತಿರುಗಿದಳು. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತವಳು. ಸೀಟು ಇಲ್ಲದಾಗ ಇದೆ ಎಂದವಳಲ್ಲ, ಇದ್ದಾಗ ಇಲ್ಲ ಎಂದವಳಲ್ಲ. ಜನ ಅವಳನ್ನು ಕೌಂಟರ್ ಅಕ್ಕ ಎಂದು ಕರೆಯುತ್ತಿದ್ದುದು ಅರ್ಧ ಪ್ರೀತಿಯಿಂದ, ಅರ್ಧ ಭಯದಿಂದ. ಅಂಥವಳು ಅರವತ್ತೆರಡನೆಯ ವಯಸ್ಸಿನಲ್ಲಿ, ಹಾಡಹಗಲೇ, ಕಟ್ಟಿಕೊಂಡ ಗಂಡನಿಗೆ ಒಂದು ಹಲಗೆಯ ವಿಷಯದಲ್ಲಿ ಸುಳ್ಳು ಹೇಳಿಬಿಟ್ಟಿದ್ದಳು.

ಹಲಗೆಯ ಹಿಂದೆ ಒಂದು ಗಾಡಿಯ ಕಥೆ ಇತ್ತು. ಜೀಪಿಗೆ ತಗುಲಿಸಿಕೊಂಡು ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದಾದ, ಇಬ್ಬರು ಮಲಗುವಷ್ಟು ಜಾಗವಿರುವ ಪ್ಲೈವುಡ್ಡಿನ ಪುಟ್ಟ ಮನೆ. ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಜೀವಮಾನವಿಡೀ ಬಣ್ಣ ಹೊಡೆದು, ಎಲ್ಲರ ಬಾಯಲ್ಲೂ ಪೇಂಟರ್ ಎಂದೇ ಆಗಿದ್ದ ಗಂಡ, ನಿವೃತ್ತನಾದ ಮರುವಾರವೇ ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಶುರುಮಾಡಿದ್ದ. ಕೆಳಗಿನ ಕಬ್ಬಿಣದ ಚೌಕಟ್ಟನ್ನು ಪಕ್ಕದ ಬೀದಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅವಳ ತಮ್ಮ ಮಾಡಿಕೊಟ್ಟ. ಮೂರು ವರ್ಷಕ್ಕೆ ಗೋಡೆ, ಚಾವಣಿ, ಹಾಸಿಗೆ, ಎರಡು ಕಿಟಕಿ, ಲೋಟ ತಟ್ಟೆ ಇಡುವ ಗೂಡು ಎಲ್ಲ ಮುಗಿದವು. ಉಳಿದದ್ದು ಹೊರಗಿನ ಲೇಪ ಮಾತ್ರ. ಅದೊಂದಕ್ಕೇ ನಾಲ್ಕು ವರ್ಷ ಹಿಡಿಯಿತು.

ತಗಡಿನ ಮೇಲೆ ಪಳಗಿದ ಕೈಗೆ ಪ್ಲೈವುಡ್ಡು ಹೊಸದು. ತಗಡಾದರೆ ತುಕ್ಕು ತೋರಿಸಿ ಮೊದಲೇ ಹೇಳುತ್ತದೆ; ಪ್ಲೈವುಡ್ಡು ಅಂಚಿನಿಂದ ಕಳ್ಳತನದಲ್ಲಿ ನೀರು ಕುಡಿದು ಒಂದು ದಿನ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಪೇಂಟರ್ ಮೊಳದುದ್ದದ ಹಲಗೆಗೆ ಲೇಪ ಹಚ್ಚಿ, ತಾರಸಿಯ ಮೇಲಿಟ್ಟು, ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಕಾಯುತ್ತಿದ್ದ. ದೋಣಿಗೆ ಹಚ್ಚುವ ವಾರ್ನಿಷ್ಷು ಪೊರೆ ಪೊರೆಯಾಗಿ ಎದ್ದುಬಂತು. ಲಾರಿಯ ಎನಾಮಲ್ಲು ಸುಣ್ಣದಂತೆ ಕೈಗೆ ಹತ್ತಿತು. ಮೂರನೆಯ ವರ್ಷ ಕ್ಯಾನ್ವಾಸ್ ಬಟ್ಟೆ ಅಂಟಿಸಿ ಮೇಲೆ ಗೋಡೆಯ ಬಣ್ಣ ಹೊಡೆದ. ಮಳೆ ಬಿದ್ದದ್ದೇ ತಡ, ಬಟ್ಟೆ ಉಬ್ಬಿ ಕೂತಿತು. ನಾಲ್ಕನೆಯದು ಎಪಾಕ್ಸಿ. ಜೇನಿನಷ್ಟು ಮಂದವಾದ ಅಂಟನ್ನು ಎರಡು ಕೈ ಬಳಿದು, ಬಿಸಿಲು ಅದನ್ನು ತಿನ್ನದ ಹಾಗೆ ಮೇಲೆ ಬಸ್ಸಿನ ಬಣ್ಣ ಎರಡು ಕೈ ಹೊಡೆದ.

ಬಣ್ಣ ಹೊಡೆದವನು ತಾನೇ ಅದನ್ನು ಪಾಸು ಮಾಡುವಂತಿಲ್ಲ ಎಂಬುದು ಕಾರ್ಖಾನೆಯ ಕಟ್ಟಳೆ. ಮನೆಯಲ್ಲಿ ಇನ್ಸ್‌ಪೆಕ್ಟರ್ ಎಲ್ಲಿಂದ ಬರಬೇಕು? ಆ ಕೆಲಸ ಹೆಂಡತಿಗೆ ಬಿತ್ತು. ಮೂರು ವರ್ಷವೂ ಅವಳು ಒಂದು ಚುಕ್ಕೆಯನ್ನೂ ಬಿಡದೆ ಹೇಳಿದ್ದಳು. ತಮ್ಮನಂತೂ ಬಂದಾಗಲೆಲ್ಲ, "ಭಾವ, ಗಾಡಿಗೆ ಏಳು ತುಂಬ್ತು, ಇನ್ನು ಶಾಲೆಗೆ ಸೇರಿಸೋದೊಂದು ಬಾಕಿ," ಎಂದು ಕಾಲೆಳೆಯುತ್ತಿದ್ದ. ಪೇಂಟರ್ ನಗುತ್ತಿದ್ದ. ಅವಳಿಗೆ ನಗು ಬರುವುದು ನಿಂತು ಎರಡು ವರ್ಷವಾಗಿತ್ತು.

ಅವಳು ಕೂರುತ್ತಿದ್ದ ನಿಲ್ದಾಣದಿಂದ ಬೆಳಗಿನ ಐದು ನಲವತ್ತಕ್ಕೆ ಒಂದು ಬಸ್ಸು ಹೊರಡುತ್ತಿತ್ತು. ಅದರ ಕೊನೆಯ ನಿಲ್ದಾಣ ಒಂದು ಸರೋವರದ ದಡ, ಅಲ್ಲಿಂದಾಚೆ ರಸ್ತೆಯಿಲ್ಲ. ಉಳಿದ ಬಸ್ಸಿಗೆ ಕೆಲಸದ ಮೇಲೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಬರುತ್ತಿದ್ದರು. ಈ ಬಸ್ಸಿಗೆ ಬರುವವರ ಮುಖವೇ ಬೇರೆ. ವಾಪಸು ಬಂದವರ ಚಪ್ಪಲಿಯಿಂದ ಕೌಂಟರಿನ ಮುಂದೆ ಮರಳು ಉದುರುತ್ತಿತ್ತು. ಹೇಗಿತ್ತು ಎಂದು ಅವಳು ಕೇಳುವಳು. ಎಲ್ಲಿ ನೋಡಿದರೂ ನೀರು ಅಕ್ಕಾ ಎಂದು ಹೇಳಿ ಅವರು ಹೋಗಿಬಿಡುವರು. ಅವಳಿಗೆ ರಜೆ ಸಿಕ್ಕಾಗ ಅತ್ತೆ ಹಾಸಿಗೆ ಹಿಡಿದಿದ್ದರು, ಅತ್ತೆ ಹೋದ ಮೇಲೆ ಮಗಳ ಬಾಣಂತನ ಬಂತು. ಬಸ್ಸಿನಲ್ಲೇ ಹೋಗಿಬರಬಹುದಿತ್ತು, ನಿಜ. ಆದರೆ ಆ ಬಸ್ಸು ಅಲ್ಲಿ ನಿಲ್ಲುವುದು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದ ನೀರು ಅವಳಿಗೆ ಬೇಕಿರಲಿಲ್ಲ. ಅಲ್ಲಿ ಮಲಗಿ, ಅಲ್ಲಿ ಎದ್ದು, ಏನೂ ಅವಸರವಿಲ್ಲದೆ ನೋಡಬೇಕಿತ್ತು. ಆ ಆಸೆಗೆಂದೇ ಗಾಡಿ ಹುಟ್ಟಿದ್ದು. ಈಗ ಆ ಗಾಡಿಯೇ ಆಸೆಗೆ ಅಡ್ಡ ನಿಂತಿತ್ತು.

ಈ ವರ್ಷ ಹಲಗೆ ನೋಡಲು ತಾರಸಿಯ ಮೆಟ್ಟಿಲು ಹತ್ತುವಾಗ ಅವಳು ಎರಡು ಕಡೆ ನಿಂತು ಸುಧಾರಿಸಿಕೊಳ್ಳಬೇಕಾಯಿತು. ಅದರ ಹಿಂದಿನ ದಿನ ಶೆಡ್ಡು ಗುಡಿಸುವಾಗ ಬಾಗಿಲ ಹಿಂದೆ ಹೊಸದಾಗಿ ಕೊಯ್ದು ನುಣುಪು ಮಾಡಿಟ್ಟ ಇನ್ನೊಂದು ಹಲಗೆ ಕಂಡಿತ್ತು. ಐದನೆಯದು. ಅಂದರೆ ಇನ್ನೂ ಒಂದು ಬೇಸಿಗೆ, ಇನ್ನೂ ಒಂದು ಮಳೆಗಾಲ.

ಹಲಗೆ ಪಾಸಾದ ಮಾರನೆಯ ದಿನವೇ ಪೇಂಟರ್ ಕೆಲಸ ಹಿಡಿದ. ಗಾಡಿಯ ಒಂದೊಂದು ಅಂಚನ್ನೂ ಉಪ್ಪುಕಾಗದದಿಂದ ಉಜ್ಜಿ ಗುಂಡಗೆ ಮಾಡಿದ. ಚೂಪು ಅಂಚಿನ ಮೇಲೆ ಲೇಪ ತೆಳುವಾಗುತ್ತದೆ, ಅಲ್ಲಿಂದಲೇ ನೀರು ಒಳಗೆ ಹೋಗುವುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಎಪಾಕ್ಸಿ ಎರಡು ಕೈ ಆಯಿತು. ಅವಳಿಗೆ ಅನ್ನ ಸೇರಲಿಲ್ಲ. ಚಹಾ ತೆಗೆದುಕೊಂಡು ಶೆಡ್ಡಿಗೆ ಹೋದಾಗಲೆಲ್ಲ ಬಾಗಿ ಉಜ್ಜುವ ಆ ಬೆನ್ನು ಕಾಣುತ್ತಿತ್ತು. ಎರಡು ಮಳೆಗಾಲಕ್ಕೆ ಇದೆಲ್ಲ ಕಿತ್ತುಕೊಂಡು ಬಂದರೆ, ಏಳು ವರ್ಷದ ಕೆಲಸವನ್ನು ತಾನು ಒಂದು ಮಾತಿನಲ್ಲಿ ಹಾಳು ಮಾಡಿದಂತೆ. ಮೂರು ಸಲ ಹೇಳಲು ಬಾಯಿ ತೆರೆದಳು, ಮೂರು ಸಲವೂ ಚಹಾ ಆರುತ್ತದೆ ಎಂದಷ್ಟೇ ಹೇಳಿ ಬಂದಳು.

ಕೊನೆಗೆ ಅವಳು ಆರಿಸಿಕೊಂಡ ಹೊತ್ತು ಜಾಣತನದ್ದು. ಗಟ್ಟಿ ಮಾಡುವ ದ್ರಾವಣ ಬೆರೆಸಿದ ಬಣ್ಣ ಡಬ್ಬಿಯಲ್ಲಿ ಹೆಚ್ಚು ಹೊತ್ತು ಕಾಯುವುದಿಲ್ಲ. ಶುರುಮಾಡಿದ ಪಕ್ಕವನ್ನು ನಿಲ್ಲದೆ ಮುಗಿಸಬೇಕು, ನಿಂತರೆ ಅಲ್ಲಿ ಗೀಟು ಉಳಿಯುತ್ತದೆ. ಪೇಂಟರ್ ಕೊನೆಯ ಕೈ ಬಣ್ಣ ಎಳೆಯುತ್ತಿದ್ದ. ತಿರುಗಿ ನೋಡುವಂತಿರಲಿಲ್ಲ.

"ರೀ, ನಾಲ್ಕನೇ ಹಲಗೇಲಿ ಬಿರುಕಿತ್ತು. ನೋಡಿದ್ದೆ. ಹೇಳ್ಲಿಲ್ಲ."

ಬ್ರಷ್ಷು ನಿಲ್ಲಲಿಲ್ಲ. "ಎಡಗಡೆ, ಕೆಳಗಿನ ಮೂಲೇಲಿ," ಎಂದ ಗಂಡ.

ಅವನೇ ಮುಂದುವರಿಸಿದ. ಪರೀಕ್ಷೆಯ ತಗಡಿನಲ್ಲಿ ಒಂದು ಮೂಲೆಯನ್ನು ಬೇಕೆಂದೇ ಕೆಟ್ಟದಾಗಿ ಮಾಡಿಡುವುದು ಕಾರ್ಖಾನೆಯ ಹಳೆಯ ಪದ್ಧತಿಯಂತೆ. ಕಳ್ಳ ಮೂಲೆ ಎಂದು ಅದರ ಹೆಸರು. ಇನ್ಸ್‌ಪೆಕ್ಟರ್ ಕಣ್ಣಿಟ್ಟು ನೋಡುತ್ತಾನೋ, ಸುಮ್ಮನೆ ಸಹಿ ಹಾಕುತ್ತಾನೋ ಅದರಿಂದ ಗೊತ್ತಾಗುತ್ತದೆ. ನಾಲ್ಕೂ ಹಲಗೆಗಳಲ್ಲಿ ಆ ಮೂಲೆಯ ಅಂಚನ್ನು ಅವನು ಚೂಪಾಗಿಯೇ ಬಿಟ್ಟಿದ್ದ. ಅವಳು ಹಲಗೆ ನೋಡುವ ಹಿಂದಿನ ವಾರವೇ ಆ ಬಿರುಕು ಅವನ ಉಗುರಿಗೆ ಸಿಕ್ಕಿತ್ತು. ಲೇಪದಲ್ಲಿ ತಪ್ಪೇನೂ ಇರಲಿಲ್ಲ.

"ಹಾಗಾದ್ರೆ ನಾನು ನಿಜ ಹೇಳಿದ್ರೂ ಇದನ್ನೇ ಬಳೀತಿದ್ರಿ."

"ಇಲ್ಲ ಕಣೇ," ಎಂದ. "ಬಿರುಕು ಅಂತ ನಿನ್ನ ಬಾಯಲ್ಲಿ ಬಂದಿದ್ರೆ ಇನ್ನೊಂದು ವರ್ಷ ನೋಡೋಣ ಅಂತಿದ್ದೆ. ಹಲಗೆ ಕೂಡ ಕೊಯ್ದಿಟ್ಟಿದ್ದೆ."

"ಯಾಕೆ?"

ಬ್ರಷ್ಷು ಮೇಲಿನಿಂದ ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. "ಹೆದರಿಕೆ. ಮೂವತ್ತು ವರ್ಷದಿಂದ ಆ ನೀರಿನ ಮಾತಾಡ್ತೀಯ. ಕರ್ಕೊಂಡು ಹೋಗಿ ನಿಲ್ಲಿಸಿದ ಮೇಲೆ ಇಷ್ಟೇನಾ ಅಂದುಬಿಟ್ರೆ, ಆಮೇಲೆ ನಾನು ನಿನಗೆ ಏನು ಮಾಡಿಕೊಡ್ಲಿ?" ಬ್ರಷ್ಷನ್ನು ಡಬ್ಬಿಗೆ ಅದ್ದಿ ಹೇಳಿದ, "ನೀನು ಸುಳ್ಳು ಹೇಳಿದೆಯಲ್ಲ, ಆವತ್ತು ಗೊತ್ತಾಯ್ತು. ನಿನ್ನ ಕೈಲಿ ಸುಳ್ಳು ಹೇಳಿಸುವಷ್ಟು ಕಾಯಿಸಿದೀನಿ ಅಂತ."

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಸಿಟ್ಟೂ ಬಂದಿತ್ತು, ಅವನ ಬೆನ್ನಿಗೆ ಹಣೆಯೊತ್ತಿ ನಿಲ್ಲಬೇಕು ಅನ್ನಿಸುತ್ತಲೂ ಇತ್ತು. ಅವನು ಬಣ್ಣ ಎಳೆಯುತ್ತಿದ್ದುದರಿಂದ ಜಗಳವಾಡಲೂ ಆಗಲಿಲ್ಲ, ಒರಗಲೂ ಆಗಲಿಲ್ಲ. ಒಣಗಲು ಎಷ್ಟು ದಿನ ಎಂದು ಕೇಳಿದಳು. ಏಳು ದಿನ ಎಂದ. ಎಂಟನೆಯ ದಿನ ತಮ್ಮನಿಗೆ ಜೀಪು ತರಲು ಹೇಳುತ್ತೇನೆ ಎಂದಳು.

ಸರೋವರದ ದಾರಿಯ ಒಂದೊಂದು ನಿಲ್ದಾಣವೂ ಅವಳಿಗೆ ಬಾಯಿಪಾಠ. ತಿರುವು ಬರುವ ಮುಂಚೆಯೇ ಊರಿನ ಹೆಸರು ಹೇಳುತ್ತಿದ್ದಳು, ಒಂದನ್ನೂ ಕಣ್ಣಿಂದ ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಮುಗಿಯಿತು. ತಮ್ಮ ಗಾಡಿಯನ್ನು ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೂರು ದಿನ ಬಿಟ್ಟು ಬರುತ್ತೇನೆಂದು ಹೊರಟುಹೋದ.

ಆ ವರ್ಷ ನೀರು ಇಳಿದಿತ್ತು. ದಡದಿಂದ ನೀರಿನವರೆಗೆ ಒಡೆದ ಕೆಸರು, ಅದರ ಮೇಲೆ ಮಗುಚಿ ಬಿದ್ದ ಒಂದು ದೋಣಿ. ಆಚೆ ದಡದ ಮನೆಗಳು ಕೂಡ ಬರಿಗಣ್ಣಿಗೆ ಕಾಣುತ್ತಿದ್ದವು. ಅವಳು ಬಹಳ ಹೊತ್ತು ನಿಂತು ನೋಡಿದಳು. ಗಂಡ ನೀರಿನ ಕಡೆ ತಿರುಗಲೇ ಇಲ್ಲ, ಅವಳ ಮುಖವನ್ನೇ ನೋಡುತ್ತಿದ್ದ.

"ನಾನು ಅಂದ್ಕೊಂಡಿದ್ದಕ್ಕಿಂತ ಚಿಕ್ಕದು," ಎಂದಳು. ಈ ಸಲ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

ಅವನು ತಲೆಯಾಡಿಸಿದ. ಅಷ್ಟರಲ್ಲಿ ದಪ್ಪ ಹನಿಗಳು ಬಿದ್ದು, ಇಬ್ಬರೂ ಓಡಿಬಂದು ಗಾಡಿಯೊಳಗೆ ಸೇರಿ ಬಾಗಿಲು ಹಾಕಿಕೊಂಡರು. ತಲೆಯಿಂದ ಒಂದು ಗೇಣು ಮೇಲಕ್ಕೆ ಮಳೆ ಜೋರಾಗಿ ಬಡಿಯುತ್ತಿತ್ತು. ಗಂಡನ ಕೈ ಮೇಲೆದ್ದಾಗ, ಈಗ ಮೂಲೆಗಳನ್ನು ಸವರಿ ನೋಡುತ್ತಾನೆ ಎಂದುಕೊಂಡಳು. ಅವನು ಮೂಲೆಯ ಕಡೆ ನೋಡಲಿಲ್ಲ. ಇಬ್ಬರ ಉಸಿರಿಗೆ ಮಬ್ಬಾಗಿದ್ದ ಅವಳ ಪಕ್ಕದ ಗಾಜನ್ನು ಅಂಗೈಯಿಂದ ಒರೆಸಿದ.

ಒರೆಸಿದಷ್ಟು ಜಾಗದಲ್ಲಿ ಬೂದು ಬಣ್ಣದ ನೀರು ಕಂಡಿತು, ಅದರಾಚೆ ಮತ್ತೊಂದು ದಡ. ಆ ದಡದ ರಸ್ತೆಯ ಮೇಲೆ, ದೀಪ ಹಚ್ಚಿಕೊಂಡು, ಅವಳು ಯಾವತ್ತೂ ನೋಡದ ಬಣ್ಣದ ಒಂದು ಬಸ್ಸು ಹೋಗುತ್ತಿತ್ತು. ಅವಳು ಗಾಜಿಗೆ ಹಣೆ ತಾಗಿಸಿ ಅದು ಮರೆಯಾಗುವವರೆಗೂ ನೋಡಿದಳು. ಅದು ಯಾವ ಊರಿನ ಬಸ್ಸು ಎಂದು ಅವಳಿಗೆ ಗೊತ್ತಿರಲಿಲ್ಲ.