ಸಾಂತಪ್ಪನ ಹಾಸ್ಪತ್ರೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಓಟಿಲ್ಲ. ಗಾದೆ ಹಾಗಲ್ಲ ಎಂದು ಮೂಗು ಮುರಿಯುವವರು ಈ ಕತೆ ಕೇಳಿ. ಇದು ನಡೆದದ್ದು, ಇದರಲ್ಲಿರುವ ಸುಳ್ಳೆಲ್ಲ ಭಾಷಣದ್ದು.

ಕೊಡಗು ತನ್ನದೇ ವಿಧಾನಸಭೆಗೆ ಮೊದಲ ಸಲ ಓಟು ಹಾಕಿದ ವರ್ಷ. ಕೊಡ್ಲಿಪೇಟೆ ಕಡೆ ನಮ್ಮ ಪಕ್ಷದ ಉತ್ತಯ್ಯನವರ ಎದುರು ಸಾಂತಪ್ಪ ನಿಂತಿದ್ದ. ಇಬ್ಬರದೂ ಸಮಬಲ, ದೊಡ್ಡ ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಓಟು ಯಾರಿಗೋ ಗೆಲುವು ಅವರಿಗೆ.

ಸಾಂತಪ್ಪ ಬಾಯಿ ತೆರೆದರೆ ಬಿ.ಎ. ಓದಿದ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಹಸು ಅವನಿಗೆ ‘ಅಸು’, ಹಾಲು ‘ಆಲು’. ಹೀಗೆ ಉಳಿಸಿದ ಹಕಾರವನ್ನೆಲ್ಲ ಪಾಪದ ಆಸ್ಪತ್ರೆಯ ತಲೆಗೆ ಕಟ್ಟಿ ‘ಹಾಸ್ಪತ್ರೆ’ ಎನ್ನುತ್ತಿದ್ದ. ಶಾಲೆಗೆ ಹೋಗಿದ್ದರೂ ಅದು ‘ಸಾಲೆ’ಯೇ. ಕರಪತ್ರದಲ್ಲಿ ‘ಭಂಧುಗಳೇ’ ಎಂದು ಅಚ್ಚು ಹಾಕಿಸಿದವನು ನಾಳೆ ಕಾನೂನು ಬರೆಯುತ್ತಾನಂತೆ.

ಓಟಿಗೆ ಎರಡು ದಿನವಿರುವಾಗ ಅವನು ಜ್ವರ ಬಂದು ಮಲಗಿದ. ಲೈನುಗಳಿಗೆ ಅವನಿನ್ನೂ ಹೋಗಿರಲಿಲ್ಲ, ಜ್ವರದ ಸುದ್ದಿ ಮಾತ್ರ ಹೋಗಿತ್ತು. ಅವನ ಬದಲು ನಾನೇ ಹೋಗಿ, ಅವನ ಭಾಷೆಯನ್ನು ಅಣಕಿಸಿ, ಅವನನ್ನು ನಗೆಪಾಟಲು ಮಾಡೋಣವೆಂದುಕೊಂಡೆ.

ಕಾಫಿ ಕುಯ್ಲಿನ ಕಾಲ. ಬೆಳಗಿನ ಮಂಜಿನಲ್ಲಿ ಪಕ್ಕದ ಮರವೂ ಕಾಣುತ್ತಿರಲಿಲ್ಲ. ಲೈನುಗಳ ಮೇಲಿನ ತಿರುವಿನಲ್ಲಿ ಜೀಪು ನಿಲ್ಲಿಸಿ, ತಗಡಿನ ತುತ್ತೂರಿ ಬಾಯಿಗಿಟ್ಟು ಸಾಂತಪ್ಪನ ಗಂಟಲಲ್ಲೇ ಶುರುಮಾಡಿದೆ. ಅವನ ತಪ್ಪು ಸಾಲದೆಂದು ನನ್ನವೂ ಹತ್ತು ಸೇರಿಸಿದೆ.

“ನಿಮ್ಮೂರ್ಗೆ ಹಾಸ್ಪತ್ರೆ ತರ್ನಿಲ್ಲ ಅಂದ್ರೆ ನನ್ನೆಸ್ರು ಸಾಂತಪ್ಪ ಅಲ್ಲ.”

ನಗು ಬರಲಿ ಎಂದು ಕಾದೆ. ಬರಲಿಲ್ಲ. ಕಾಫಿ ಕುಯ್ಲಿಗೆ ಹೊರಟಿದ್ದ ಮುದುಕಿ ಸಿದ್ದಮ್ಮನ ದನಿ ಮಂಜಿನೊಳಗಿಂದ ಬಂತು: “ಜ್ವರ ಇಟ್ಕಂಡು ಬಂದಿದೀಯಲ್ಲ ಮಗಾ. ಆ ಉತ್ತಯ್ಯ ಒಂದಿನಾನೂ ಇಳ್ದು ಬರ್ನಿಲ್ಲ. ಒಸಿ ಕಾಪಿ ಕುಡ್ದು ಓಗು.”

ನಾನು ತುತ್ತೂರಿ ಕೆಳಗಿಟ್ಟು ಜೀಪು ತಿರುಗಿಸಿದೆ.

ಲೈನುಗಳ ಓಟೆಲ್ಲ ಸಾಂತಪ್ಪನ ಪೆಟ್ಟಿಗೆಗೆ ಬಿತ್ತು, ಅವನು ಗೆದ್ದ. ಎಣಿಕೆಯ ದಿನ ಸಿದ್ದಮ್ಮ ಹಾರ ತಂದು, ಜ್ವರದಲ್ಲೂ ಬಂದು ಮಾತಾಡಿಸಿದ ಪುಣ್ಯಾತ್ಮ ಎಂದು ಎಲ್ಲರೆದುರು ಹೊಗಳಿದಳು. ತಾನು ನಾಲ್ಕು ದಿನ ಕಂಬಳಿ ಬಿಟ್ಟು ಎದ್ದೇ ಇರಲಿಲ್ಲವಲ್ಲ ಎಂದು ಸಾಂತಪ್ಪ ಕಕ್ಕಾಬಿಕ್ಕಿಯಾದ. ಆ ಬೆಳಿಗ್ಗೆ ಜೀಪು ಒಯ್ದವನು ನಾನೆಂದು ಬಲ್ಲ ಉತ್ತಯ್ಯನವರು ಮಾತ್ರ ಮೆಲ್ಲಗೆ ನನ್ನ ಕಡೆ ತಿರುಗಿದರು.

“ನೀ ಯಾರ ಕಡೆ ಮಾರಾಯ?”

ಒಪ್ಪಿಕೊಳ್ಳದೆ ದಾರಿಯಿರಲಿಲ್ಲ. ಅಲ್ಲೇ ಇನ್ನೊಮ್ಮೆ ಮಾಡಿ ತೋರಿಸಬೇಕೆಂದು ಸಾಂತಪ್ಪ ಹಟ ಹಿಡಿದ. ಭಾಷಣ ಪೂರ್ತಿ ಒಪ್ಪಿಸಿದೆ. ಜನ ನಕ್ಕರು, ಸಿದ್ದಮ್ಮ ನಕ್ಕಳು, ಉತ್ತಯ್ಯನವರ ಮೀಸೆಯೂ ಅಲುಗಿತು. ಸಾಂತಪ್ಪನಂತೂ ಹಾರ ಹರಿಯುವಂತೆ ಹೊಟ್ಟೆ ಹಿಡಿದುಕೊಂಡು, “ಅಯ್ಯೋ, ನಂಗೇ ಇಷ್ಟು ಚೆಂದಾಗಿ ಬರಾಕಿಲ್ಲ ಸ್ವಾಮಿ” ಎನ್ನುತ್ತ ಎಲ್ಲರಿಗಿಂತ ಜೋರಾಗಿ ನಗುತ್ತಲೇ ಇದ್ದ.