ಮಂಕು ಕೋಶಗಳು

ನಾನು ಜೀವಕೋಶಗಳನ್ನು ಬೇರ್ಪಡಿಸುವ ಯಂತ್ರ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ, ಬಾಳಿದ್ದು ಮೈಸೂರಿನ ಒಂದು ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ. ಬಣ್ಣ ಹಿಡಿಸಿದ ಕೋಶಗಳು ನನ್ನ ಮೂತಿಯಿಂದ ಹನಿಹನಿಯಾಗಿ ಇಳಿಯುತ್ತವೆ. ಲೇಸರ್ ಬೆಳಕಿಗೆ ಯಾವುದು ಎಷ್ಟು ಹೊಳೆಯಿತೆಂದು ನೋಡಿ, ಬೇಕಾದ ಹನಿಯನ್ನು ಬೇರೆ ಕೊಳವೆಗೆ ಸೆಳೆಯುತ್ತೇನೆ.

ನನ್ನನ್ನು ನೋಡಿಕೊಳ್ಳುತ್ತಿದ್ದವಳು ತಂತ್ರಜ್ಞೆ ವಾರಿಜಾ. ಇಲಿಯ ಮೂಳೆಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಹುಡುಕುವುದು ಅವಳ ಕೆಲಸ. ನಮ್ಮಲ್ಲಿ ಎಲ್ಲರೂ ಹೊಳೆಯುವ ಕೋಶಗಳನ್ನೇ ಆರಿಸುತ್ತಿದ್ದರು. ಬಣ್ಣವನ್ನು ಹೊರಕ್ಕೆ ತಳ್ಳಿ ಮಂಕಾಗಿ ಉಳಿಯುವ ನಾಲ್ಕಾರು ಕೋಶಗಳು ಕಸಕ್ಕೆ ಹೋಗುತ್ತಿದ್ದವು. ವಾರಿಜಾ ಅವನ್ನೇ ಕೂಡಿಟ್ಟು, ಮಜ್ಜೆ ಸತ್ತ ಇಲಿಯೊಂದಕ್ಕೆ ಚುಚ್ಚಿದಳು. ಸಾಯಬೇಕಿದ್ದ ಇಲಿ ಮೂರು ತಿಂಗಳಾದರೂ ಓಡಾಡುತ್ತಿತ್ತು. ಹುಡುಕುತ್ತಿದ್ದ ಕಾಂಡಕೋಶಗಳು ಆ ಮಂಕು ಕೋಶಗಳೇ ಆಗಿದ್ದವು.

ಮುಖ್ಯಸ್ಥ ಡಾಕ್ಟರ್ ಪರಶಿವಮೂರ್ತಿ ಅದನ್ನು ತಮ್ಮ ಹೆಸರಿನಲ್ಲಿ ಲೇಖನವಾಗಿ ಪ್ರಕಟಿಸಿದರು. ಕೇಳಲು ಹೋದವಳಿಗೆ, ಯಂತ್ರ ತೊಳೆಯುವವರ ಹೆಸರನ್ನೆಲ್ಲ ಹಾಕಲಾಗುವುದಿಲ್ಲ ಎಂದರಂತೆ. ವಾರಿಜಾ ಅಳಲಿಲ್ಲ. ಮಾಡುವ ಕ್ರಮವನ್ನೆಲ್ಲ ಬರೆದಿಟ್ಟಿದ್ದ ತನ್ನ ಟಿಪ್ಪಣಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಮಂಕು ಕೋಶಗಳನ್ನು ಮತ್ತೆ ಮುಟ್ಟಲಿಲ್ಲ, ಯಾರಿಗೂ ಕಲಿಸಲೂ ಇಲ್ಲ.

ನಾಲ್ಕು ವರ್ಷ ಕಾದಳು. ಲೇಖನ ಓದಿ ಮಾಡಿದ ಯಾರಿಗೂ ಆ ಪ್ರಯೋಗ ಕೈಗೂಡಲಿಲ್ಲ. ಅನುಮಾನ ಬಂದು ತಜ್ಞರ ಸಮಿತಿಯೊಂದು ಬಂತು, ನಮ್ಮೆದುರೇ ಮಾಡಿ ತೋರಿಸಿ ಎಂದಿತು. ಪರಶಿವಮೂರ್ತಿ ವಾರಿಜಾಳತ್ತ ನೋಡಿದರು. ಅವಳು ಕೈಕಟ್ಟಿ ನಿಂತಿದ್ದಳು.

"ಲೇಖನ ನಿಮ್ಮದಲ್ವಾ ಸಾರ್, ನೀವೇ ತೋರ್ಸಿ."

ಅವರು ಮಜ್ಜೆಯನ್ನು ಸೋಸದೆಯೇ ನನ್ನೊಳಗೆ ಬಿಟ್ಟರು. ಮೂತಿ ಕಟ್ಟಿಕೊಂಡಿತು. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಅವರ ಬೆವರು ನನ್ನ ಮುಚ್ಚಳದ ಮೇಲೆ ತೊಟ್ಟಿಕ್ಕುತ್ತಿತ್ತು. ವಾರಿಜಾ ಅರ್ಧ ಗಂಟೆ ಹಾಗೆಯೇ ನೋಡುತ್ತ ನಿಂತಳು. ಆಮೇಲೆ ಪುಸ್ತಕ ತೆರೆದು, ಮಜ್ಜೆ ಸೋಸಿ, ಹದ ಬಿಸಿಯಲ್ಲಿ ಬಣ್ಣ ಹಿಡಿಸಿ, ಆ ಮಂಕು ಕೋಶಗಳನ್ನು ಸಮಿತಿಯವರಿಗೆ ತೋರಿಸಿದಳು. ಪರಶಿವಮೂರ್ತಿಯವರ ಮುಖ್ಯಸ್ಥ ಸ್ಥಾನ ಹೋಯಿತು. ಲೇಖನದ ಮೇಲೆ ಮೊದಲ ಹೆಸರು ಅವಳದಾಯಿತು.

ನಿವೃತ್ತರಾದ ದಿನ ಅವರು ಕೋಣೆಗೆ ಬಂದರು.

"ತಪ್ಪಾಯ್ತು ವಾರಿಜಾ. ಮನಸ್ಸಲ್ಲಿ ಇಟ್ಕೋಬೇಡಮ್ಮ."

"ಕೂತ್ಕೊಳ್ಳಿ ಸಾರ್, ಕಾಫಿ ತರಿಸ್ತೀನಿ," ಎಂದಳು ಅವಳು. "ಕ್ಷಮೆ ಮಾತ್ರ ಕೇಳ್ಬೇಡಿ."

ಅವರು ಕೂರಲಿಲ್ಲ.

ಈಗ ನನ್ನ ಲೇಸರ್ ಕಿತ್ತು, ಉಗ್ರಾಣದ ಮೂಲೆಗೆ ತಳ್ಳಿದ್ದಾರೆ. ಪೆಟ್ಟಿಗೆ ಇಡಲು ಬರುವ ಹೊಸಬರು ಈ ಕಥೆ ಮಾತಾಡಿಕೊಳ್ಳುತ್ತಾರೆ, ಆ ಮುದುಕರನ್ನು ಅವಳು ಕ್ಷಮಿಸಬಹುದಿತ್ತು ಅನ್ನುತ್ತಾರೆ. ಆ ನಾಲ್ಕು ವರ್ಷ ಬೆಳಿಗ್ಗೆ ಬೆಳಿಗ್ಗೆ ನನ್ನನ್ನು ಚಾಲೂ ಮಾಡುವ ಮೊದಲು ಅವಳು ಆ ಪುಸ್ತಕ ತೆರೆದು, ಮಂಕು ಕೋಶಗಳ ಪುಟ ನೋಡಿ ಮತ್ತೆ ಮುಚ್ಚಿಡುತ್ತಿದ್ದುದು ನನಗೊಬ್ಬನಿಗೇ ಗೊತ್ತು. ನಾನಂತೂ ಹಾಗೆ ಅನ್ನಲಾರೆ.