ಬಾಯಿಗೆ ಬಾರದ ‘ಬಟ್’

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಬಟ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅದೇನೂ ಮನೆತನದ ಹೆಸರಲ್ಲ, ಇಂಗ್ಲಿಷಿನ ‘ಬಟ್’. ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ನಯವಾಗಿ ಒಪ್ಪುವುದು ಹೇಗೆ, ನಯವಾಗಿ ಒಪ್ಪದಿರುವುದು ಹೇಗೆ ಎಂದು ಹದಿನೆಂಟು ವರ್ಷದಿಂದ ಕಲಿಸುತ್ತಿದ್ದರು. ಸೂತ್ರ ಒಂದೇ: ಎದುರಿನವರ ಮಾತನ್ನು ಮೊದಲು ಮೆಚ್ಚಿಕೊಳ್ಳಿ, ‘ಐ ಸೀ ಯುವರ್ ಪಾಯಿಂಟ್’ ಅನ್ನಿ, ಆಮೇಲೆ ‘ಬಟ್’ ಹಾಕಿ. ಮುಖಕ್ಕೆ ಹೊಡೆದ ಹಾಗೆ ‘ನೋ’ ಅಂದವರ ಅಂಕಕ್ಕೆ ಕತ್ತರಿ.

ಆ ಸೋಮವಾರದ ಸಭೆಯಲ್ಲಿ ಪ್ರಿನ್ಸಿಪಾಲರು, ಈ ತರಗತಿಯನ್ನೇ ಮುಚ್ಚಿ ಮೇಷ್ಟ್ರನ್ನು ಪರೀಕ್ಷಾ ವಿಭಾಗಕ್ಕೆ ಹಾಕೋಣ ಎಂದರು. ಅಲ್ಲಿ ದಿನವಿಡೀ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವುದು, ಮತ್ತೆ ಕಟ್ಟುವುದು, ಅಷ್ಟೇ ಕೆಲಸ. ಮೇಷ್ಟ್ರು ತಟ್ಟನೆ ಎದ್ದು ನಿಂತರು. ಸಭೆ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಅವರದೇ ಅಖಾಡ! ಪ್ರಿನ್ಸಿಪಾಲರ ದೂರದೃಷ್ಟಿಯನ್ನು ಮೆಚ್ಚಿದರು. ಅವರ ಕಾಳಜಿ ಅರ್ಥವಾಗುತ್ತದೆ ಎಂದರು. ಬಹುಪಾಲು ಒಪ್ಪುತ್ತೇನೆ ಎಂದರು. ಇನ್ನೇನು ‘ಬಟ್’ ಎನ್ನಲು ಉಸಿರೆಳೆದುಕೊಳ್ಳಬೇಕು, ಅಷ್ಟರಲ್ಲಿ ಪ್ರಿನ್ಸಿಪಾಲರು “ಥ್ಯಾಂಕ್ಯೂ, ಥ್ಯಾಂಕ್ಯೂ!” ಎಂದು ಚಪ್ಪಾಳೆ ತಟ್ಟಿಬಿಟ್ಟರು. ಉಳಿದವರೂ ತಟ್ಟಿದರು. ಚಪ್ಪಾಳೆಯ ಮಧ್ಯೆ ಬಾಯಿ ಹಾಕುವುದು ಸಭ್ಯತೆಯೇ? ಪುಣ್ಯಾತ್ಮರು ಕೂತುಬಿಟ್ಟರು. ಕೂತದ್ದಷ್ಟೇ ಅಲ್ಲ, ತಾವೂ ನಾಲ್ಕು ಸಲ ತಟ್ಟಿದರು.

ಮರುದಿನ ಆಫೀಸಿನ ಟೈಪಿಸ್ಟ್ ನಡಾವಳಿ ಪುಸ್ತಕ ಹಿಡಿದು ಸಹಿಗೆ ಬಂದಳು. ಸಭೆಯ ಮಾತುಗಳನ್ನು ಬರೆದುಕೊಂಡವಳು ಅವಳೇ. ಒಂದು ಕಾಲಕ್ಕೆ ಮೇಷ್ಟ್ರ ವಿದ್ಯಾರ್ಥಿನಿ ಕೂಡ. ‘ಎಲ್ಲರೂ ಒಪ್ಪಿದರು’ ಎಂದಿತ್ತು.

“ಏನಮ್ಮಾ ಇದು! ನಾನೆಲ್ಲಿ ಒಪ್ಪಿದೆ?”

“‘ಬಟ್’ ಬರೋವರೆಗೂ ಮಾತು ಮುಗಿದಿಲ್ಲ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ ಸರ್? ನಾನು ಪೆನ್ನು ಹಿಡ್ಕೊಂಡು ಕಾದೆ. ನೀವು ಕೂತ್ಬಿಟ್ರಿ.”

ನಾಚಿಕೆಯಿಂದ ಮೇಷ್ಟ್ರ ಕಿವಿ ಬಿಸಿಯಾಯಿತು. ಊರಿಗೆಲ್ಲ ಹೇಳಿಕೊಟ್ಟವರಿಗೆ, ತಮ್ಮ ಕುತ್ತಿಗೆಗೇ ಬಂದಾಗ ಆ ಒಂದು ‘ಬಟ್’ ಹೊರಡಲಿಲ್ಲವಲ್ಲ!

“ಒಬ್ರು ಒಪ್ಪಿಲ್ಲ ಅಂದ್ರೂ ವಿಷಯ ಮತ್ತೆ ಸಭೆಗೆ ಬರ್ಬೇಕು ಸರ್. ಈಗ್ಲಾದ್ರೂ ಹೇಳಿ, ಬರ್ಕೋತೀನಿ.”

“ಪ್ರಿನ್ಸಿಪಾಲರು ಹೇಳಿದ್ರಲ್ಲೂ ಸತ್ಯ ಇದೆ ಕಣಮ್ಮಾ, ಅದನ್ನ ನಾನು ಗೌರವಿಸ್ತೀನಿ...”

ಟೈಪಿಸ್ಟ್ ಪೆನ್ನಿಗೆ ಮುಚ್ಚಳ ಹಾಕತೊಡಗಿದಳು.

“ಒಪ್ಪಲ್ಲ!” ಎಂದು ಮೇಷ್ಟ್ರು ಕಿರುಚಿದರು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. “ನಾನು ಒಪ್ಪಲ್ಲ. ಬರ್ಕೋ.”

ಬರೆದುಕೊಂಡಳು, ಒಂದೇ ಸಾಲು. ಮೇಷ್ಟ್ರು ಬಗ್ಗಿ ನೋಡಿದರು. ತೀರಾ ಬೋಳುಬೋಳಾಗಿ ಕಂಡಿತು. ತಡೆಯಲಾಗಲಿಲ್ಲ.

“ಮೊದಲಲ್ಲಿ ‘ವಿತ್ ಡ್ಯೂ ರೆಸ್ಪೆಕ್ಟ್’ ಅಂತ ಸೇರಿಸ್ತೀಯಾ ತಾಯಿ?”

“ಇಲ್ಲ ಸರ್,” ಎಂದಳು ಅವಳು. “ಸೈನ್ ಹಾಕಿ.”

ಮೇಷ್ಟ್ರು ಹಾಕಿದರು. ಹಿಂದೊಮ್ಮೆ ಇಂಥದೇ ಉತ್ತರಕ್ಕೆ ಅವಳ ಎರಡು ಅಂಕ ಕತ್ತರಿಸಿದ್ದು ನೆನಪಾಯಿತು.